ಕಂಪನಿ ಪ್ರವರ್ತಕರು ತಮ್ಮ ಸಂಬಳಕ್ಕೆ ತಾವೇ ಓಟು ಹಾಕುವುದನ್ನು ನಿಲ್ಲಿಸಿ: ನಿರ್ಮಲಾ ಸೀತಾರಾಮನ್ ಅವರಿಗೆ ಒಂದು ಬಹಿರಂಗ ಪತ್ರ

ಹಣಕಾಸು ಮತ್ತು ಕಾರ್ಪೊರೇಟ್ ವ್ಯವಹಾರಗಳ ಸಚಿವರಾದ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ ನಮಸ್ಕಾರಗಳು.

ಮೇಡಂ, ನೀವು ನಮ್ಮ ಕರ್ನಾಟಕದಿಂದ ರಾಜ್ಯಸಭೆಗೆ ಆರಿಸಿ ಹೋದವರು. 2016ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ. ಆ ಸಲುಗೆಯಿಂದ ಬರೆಯುತ್ತಿದ್ದೇನೆ. ಇದಕ್ಕೆ ಮೊದಲು ನಾನು ದುಡಿದ ಕಂಪನಿಗೆ ನಾಲ್ಕು ಪತ್ರ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ಇನ್ನು ಯಾರಿಗೆ ಬರೆಯಬೇಕು ಅನ್ನೋದು ನನಗೆ ತೋಚಲಿಲ್ಲ.

ನಾನು ಕೇಳುತ್ತಿರುವುದು ಒಂದೇ ಒಂದು. ಷೇರುಪೇಟೆಯಲ್ಲಿರುವ ಕಂಪನಿಗಳಲ್ಲಿ ಪ್ರವರ್ತಕರು, ಅಂದರೆ ಕಂಪನಿಯ ಹಿಡಿತ ಇಟ್ಟುಕೊಂಡ ಮಾಲೀಕ ಮನೆತನದವರು, ತಮ್ಮ ಸಂಬಳದ ನಿರ್ಣಯಕ್ಕೆ ತಾವೇ ಓಟು ಹಾಕಬಾರದು. ಅದಕ್ಕೊಂದು ತಿದ್ದುಪಡಿ ತನ್ನಿ.

ನಾನು ಪೀಣ್ಯದ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ 28 ವರ್ಷ ದುಡಿದವನು. ವಾಹನಗಳ ಬಿಡಿಭಾಗ ಮಾಡುವ ಕಂಪನಿ. ಹೆಸರು ಇಲ್ಲಿ ಬೇಡ. 1994ರಲ್ಲಿ ಅದು ಮೊದಲ ಸಲ ಷೇರು ಬಿಟ್ಟಾಗ ಕೆಲಸಗಾರರಿಗೂ ಒಂದು ಪಾಲು ಇಟ್ಟಿತ್ತು. ಸೊಸೈಟಿಯಲ್ಲಿ ಸಾಲ ತೆಗೆದು 100 ಷೇರು ಕೊಂಡೆ. ಬೋನಸ್ ಷೇರು ಸೇರಿ ಅದೀಗ 400 ಆಗಿದೆ. ವರ್ಷಕ್ಕೆ ಎರಡು ಸಾವಿರದ ನಾನೂರು ರೂಪಾಯಿ ಡಿವಿಡೆಂಡ್ ಬರುತ್ತಿತ್ತು. ಗೌರಿ ಹಬ್ಬದ ಹೊತ್ತಿಗೆ ಬರುತ್ತಿದ್ದದ್ದರಿಂದ ನಮ್ಮ ಮನೆಯಲ್ಲಿ ಅದಕ್ಕೆ ‘ಬಾಗಿನದ ದುಡ್ಡು’ ಅಂತಲೇ ಹೆಸರು. ನನ್ನ ಹೆಂಡತಿ ಅದನ್ನು ಬೇರೆ ಯಾವುದಕ್ಕೂ ಮುಟ್ಟಲು ಬಿಡುತ್ತಿರಲಿಲ್ಲ.

ಈಗ ಮೂರು ವರ್ಷದಿಂದ ಬಾಗಿನದ ದುಡ್ಡು ಇಲ್ಲ. ಕಂಪನಿ ನಷ್ಟದಲ್ಲಿದೆ ಎಂದರು. ಒಪ್ಪಿಕೊಂಡೆ. ಕೆಲಸಗಾರರ ವೇತನ ಒಪ್ಪಂದ ಮುಗಿದು ಎರಡು ವರ್ಷವಾದರೂ ಹೊಸದು ಆಗಲಿಲ್ಲ. ಯೂನಿಯನ್‌ನವರು ಹೋಗಿ ಕೇಳಿದರೆ ‘ಕಂಪನಿಗೆ ಕೊಡುವ ಶಕ್ತಿ ಇಲ್ಲ’ ಎಂದರು. ಕ್ಯಾಂಟೀನಿನಲ್ಲಿ ರಾತ್ರಿ ಪಾಳಿಗೆ ಕೊಡುತ್ತಿದ್ದ ಮೊಟ್ಟೆ ನಿಂತಿತು. ಅದನ್ನೂ ಎಲ್ಲರೂ ನುಂಗಿಕೊಂಡರು.

ಆದರೆ ಒಂದನ್ನು ನನಗೆ ನುಂಗಲು ಆಗಲಿಲ್ಲ. ನನ್ನ ಪಕ್ಕದ ಮಿಷನ್ನಿನಲ್ಲಿ ಇಪ್ಪತ್ತು ವರ್ಷ ನಿಂತ ಗೆಳೆಯ ನಿವೃತ್ತನಾದ. ಪ್ರೆಸ್ಸಿಗೆ ಸಿಕ್ಕಿ ಎಡಗೈಯ ಎರಡು ಬೆರಳು ಕಳೆದುಕೊಂಡವನು. ಗ್ರಾಚುಟಿಯನ್ನು 30 ದಿನದೊಳಗೆ ಕೊಡಬೇಕು ಎಂದು ಕಾನೂನು ಇದೆ. ಅವನಿಗೆ ಕೊಟ್ಟದ್ದು ಮೂರು ಕಂತಿನಲ್ಲಿ, ಹನ್ನೊಂದು ತಿಂಗಳಲ್ಲಿ. ಮಗಳ ಮದುವೆ ನಿಶ್ಚಯವಾಗಿತ್ತು. ಪ್ರತಿ ಸೋಮವಾರ ಕಾರ್ಖಾನೆ ಗೇಟಿಗೆ ಹೋಗಿ ಸೆಕ್ಯುರಿಟಿಯವನ ಹತ್ತಿರ ಕೂತು ಬರುತ್ತಿದ್ದ. ಒಳಗೆ ಬಿಡುತ್ತಿರಲಿಲ್ಲ. ತಾನು ಮಾಡಿದ ಡೈ ಅಚ್ಚುಗಳಲ್ಲೇ ಒಳಗೆ ಮಾಲು ಬೀಳುವ ಸದ್ದು ಕೇಳುತ್ತದೆ, ತಾನು ಮಾತ್ರ ಹೊರಗೆ ಎಂದು ನನ್ನ ಮುಂದೆ ಕಣ್ಣೀರು ಹಾಕಿದ.

ಅದೇ ವರ್ಷ, ಮೇಡಂ, ವಾರ್ಷಿಕ ಮಹಾಸಭೆಯ ನೋಟಿಸ್ ಬಂತು. ಐದನೇ ವಿಷಯ: ಪ್ರವರ್ತಕರ ಮನೆಯವರೇ ಆದ ಎಂಡಿಯ (ವ್ಯವಸ್ಥಾಪಕ ನಿರ್ದೇಶಕರ) ಸಂಬಳ ವರ್ಷಕ್ಕೆ 1 ಕೋಟಿ 80 ಲಕ್ಷದಿಂದ 3 ಕೋಟಿ 10 ಲಕ್ಷಕ್ಕೆ. ಲಾಭ ಇಲ್ಲದಿದ್ದರೂ ಇದು ‘ಕನಿಷ್ಠ ಸಂಭಾವನೆ’ಯಾಗಿ ಸಲ್ಲುತ್ತದೆ. ಆರನೇ ವಿಷಯ: ಅವರ ಮಗ ಪೂರ್ಣಾವಧಿ ನಿರ್ದೇಶಕ.

ಕಾರಣ ಏನು ಕೊಟ್ಟಿದ್ದರು ಗೊತ್ತೇ? ‘ಇದೇ ಉದ್ಯಮದ ಬೇರೆ ಕಂಪನಿಗಳ ಸಂಬಳಕ್ಕೆ ಹೋಲಿಸಿ ಸಂಭಾವನೆ ಸಮಿತಿ ಶಿಫಾರಸು ಮಾಡಿದೆ.’ ಕೆಲಸಗಾರ ಕೇಳಿದರೆ ಕಂಪನಿಯ ಶಕ್ತಿ ನೋಡುತ್ತಾರೆ. ಎಂಡಿಗೆ ಕೊಡುವಾಗ ಪಕ್ಕದ ಕಂಪನಿಯನ್ನು ನೋಡುತ್ತಾರೆ. ಪಕ್ಕದ ಕಂಪನಿಯವರು ಮುಂದಿನ ವರ್ಷ ಇವರನ್ನು ನೋಡುತ್ತಾರೆ. ಹೀಗೆ ಒಬ್ಬರನ್ನೊಬ್ಬರು ನೋಡಿಕೊಂಡು ಮೇಲೆ ಹೋಗುವ ಮೆಟ್ಟಿಲಿಗೆ ಕೊನೆ ಎಲ್ಲಿ?

ಕಂಪನಿ ಕಾಯ್ದೆಯ ಕಲಂ 197ನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಅದರಲ್ಲಿ ಸಂಬಳಕ್ಕೆ ಮಿತಿ ಇದೆ: ಒಬ್ಬ ಎಂಡಿಗೆ ಲಾಭದ ಶೇ. 5, ಎಲ್ಲ ನಿರ್ದೇಶಕರಿಗೂ ಸೇರಿ ಶೇ. 11. ಮೊದಲು ಶೇ. 11 ದಾಟಬೇಕೆಂದರೆ ಅಥವಾ ನಷ್ಟದ ವರ್ಷದಲ್ಲಿ ಕಾಯ್ದೆಯ ಅನುಸೂಚಿ ಹಾಕಿದ ಸಂಬಳದ ಮಿತಿ ಮೀರಬೇಕೆಂದರೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕಿತ್ತು. 2017ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. 2018ರ ಸೆಪ್ಟೆಂಬರ್‌ನಿಂದ ಷೇರುದಾರರ ವಿಶೇಷ ನಿರ್ಣಯ ಸಾಕು. ಆಗ ನೀವು ರಕ್ಷಣಾ ಖಾತೆಯಲ್ಲಿದ್ದಿರಿ, ನಿಜ. ಆದರೆ 2019ರಿಂದ ಈ ಇಲಾಖೆ ನಿಮ್ಮದೇ.

ವಿಶೇಷ ನಿರ್ಣಯ ಎಂದರೆ ವಿರೋಧದ ಓಟಿನ ಮೂರು ಪಟ್ಟು ಪರವಾಗಿ ಬೀಳಬೇಕು. ಕೇಳಲು ಗಟ್ಟಿಯಾಗಿದೆ, ಅಲ್ವಾ? ಆದರೆ ಪ್ರವರ್ತಕರು ಶೇ. 75ರವರೆಗೆ ಷೇರು ಇಟ್ಟುಕೊಳ್ಳಬಹುದು. ಉಳಿದ ಶೇ. 25 ಷೇರಿನವರು ಒಬ್ಬರೂ ಬಿಡದೆ ಬಂದು ‘ಬೇಡ’ ಎಂದರೂ ಲೆಕ್ಕ 75ಕ್ಕೆ 25. ಸರಿಯಾಗಿ ಮೂರು ಪಟ್ಟು. ನಿರ್ಣಯ ಪಾಸು! ನಮ್ಮ ಕಂಪನಿಯಲ್ಲಿ ಪ್ರವರ್ತಕರ ಬಳಿ ಶೇ. 72 ಇದೆ. ಹೊರಗಿನವರಲ್ಲಿ ಅರ್ಧ ಜನ ಓಟೇ ಹಾಕುವುದಿಲ್ಲ. ಹಾಗಾದರೆ ನನ್ನ 400 ಷೇರಿನ ಓಟನ್ನು ಯಾಕೆ ಕೇಳುತ್ತೀರಿ?

ಆದರೂ ಮಾತಾಡೋಣ ಎಂದು ಹೆಸರು ನೋಂದಾಯಿಸಿದೆ. 2020ರಿಂದ ಸಭೆಗಳನ್ನು ವಿಡಿಯೋದಲ್ಲೇ ನಡೆಸಲು ನಿಮ್ಮ ಇಲಾಖೆ ಅನುಮತಿ ಕೊಡುತ್ತಾ ಬಂದಿದೆ. ಪಕ್ಕದ ಮನೆಯ ಹುಡುಗಿ ಲ್ಯಾಪ್‌ಟಾಪ್ ತಂದು ಕೂತಳು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಂಡಿದ್ದೆ. ನನಗಿಂತ ಮೊದಲು ಹತ್ತು ಜನ ಮಾತಾಡಿದರು. ಹೆಚ್ಚಿನವರು ಅಧ್ಯಕ್ಷರನ್ನು ಹೊಗಳಿದರು. ಒಬ್ಬರಂತೂ ಐದು ನಿಮಿಷ ಹೊಗಳಿದರು, ಯಾರೂ ತಡೆಯಲಿಲ್ಲ. ಹನ್ನೊಂದನೆಯವನು ನಾನು. ‘ನಿವೃತ್ತ ಕೆಲಸಗಾರನ ಗ್ರಾಚುಟಿಗೆ ಇಲ್ಲದ ದುಡ್ಡು ಎಂಡಿ ಸಂಬಳಕ್ಕೆ ಎಲ್ಲಿಂದ ಬಂತು ಸಾರ್’ ಎಂದು ಕೇಳಿದೆ ಅಷ್ಟೆ. ಮೈಕ್ ಮ್ಯೂಟ್ ಆಯಿತು. ‘ಸಮಯ ಮುಗಿಯಿತು, ಉತ್ತರ ಮೇಲ್‌ನಲ್ಲಿ ಕಳಿಸುತ್ತೇವೆ’ ಎಂದರು. ನಾನು ಇನ್ನೂ ಮಾತಾಡುತ್ತಲೇ ಇದ್ದೆ. ನನ್ನ ದನಿ ಯಾರಿಗೂ ಹೋಗುತ್ತಿಲ್ಲ ಅಂತ ಆ ಹುಡುಗಿ ಹೇಳಿದ ಮೇಲೆ ಗೊತ್ತಾಯಿತು. ಆ ಮೇಲ್ ಇವತ್ತಿಗೂ ಬಂದಿಲ್ಲ.

ಎರಡು ದಿನದ ಮೇಲೆ ಫಲಿತಾಂಶ ಬಂತು. ಭಾರಿ ಬಹುಮತದಿಂದ ಅಂಗೀಕಾರ. ವರದಿಯಲ್ಲಿ ಪ್ರವರ್ತಕರ ಓಟು, ಸಾರ್ವಜನಿಕರ ಓಟು ಎಂದು ಬೇರೆ ಬೇರೆ ಸಾಲು ಇರುತ್ತದೆ. ನೋಡಿದೆ. ಸಾರ್ವಜನಿಕರಲ್ಲಿ ಓಟು ಹಾಕಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ವಿರೋಧವಿತ್ತು. ಅಂದರೆ ಹೊರಗಿನವರು ಬೇಡ ಎಂದರು, ಮನೆಯವರು ಬೇಕು ಎಂದರು, ಮನೆಯವರ ಮಾತು ನಡೆಯಿತು.

ಷೇರುದಾರರು ಎಂದೂ ಗೆದ್ದಿಲ್ಲ ಎಂದು ನಾನು ಹೇಳುತ್ತಿಲ್ಲ. 2014ರಲ್ಲಿ ಟಾಟಾ ಮೋಟಾರ್ಸ್‌ನ ಷೇರುದಾರರು ಮೇಲಧಿಕಾರಿಗಳ ಸಂಬಳದ ನಿರ್ಣಯವನ್ನು ಬೀಳಿಸಿದರು. 2021ರಲ್ಲಿ ಐಷರ್ ಮೋಟಾರ್ಸ್‌ನಲ್ಲಿ ಎಂಡಿ ಸಿದ್ಧಾರ್ಥ ಲಾಲ್ ಅವರ ಮರುನೇಮಕ ಮತ್ತು ಸಂಬಳದ ನಿರ್ಣಯಕ್ಕೆ ಸುಮಾರು ಶೇ. 73 ಓಟು ಸಿಕ್ಕರೂ ಸಾಲದೆ ಹೋಯಿತು. ಆಮೇಲೆ ಮಂಡಳಿ ಸಂಬಳದ ಮಿತಿಯನ್ನು ಲಾಭದ ಶೇ. 1.5ಕ್ಕೆ ಇಳಿಸಿ ಮತ್ತೆ ಓಟಿಗೆ ತಂದಿತು. ಆದರೆ ಅಲ್ಲಿ ಪ್ರವರ್ತಕರ ಪಾಲು ಅರ್ಧಕ್ಕಿಂತ ತುಸು ಕಡಿಮೆ. ದೊಡ್ಡ ದೊಡ್ಡ ಫಂಡುಗಳು ಎದುರಿಗೆ ನಿಂತವು. ನಮ್ಮಂಥ ಸಣ್ಣ ಕಂಪನಿಗೆ ಯಾವ ಫಂಡು ಬರುತ್ತದೆ? ನಮ್ಮ ಬೆಂಗಳೂರಿನ ಇನ್ಫೊಸಿಸ್‌ನಲ್ಲಿ 2017ರಲ್ಲಿ ನಾರಾಯಣ ಮೂರ್ತಿಯವರು ಎದ್ದು ಕೇಳಿದರು. ಮೇಲಿನವರಿಗೆ ಶೇ. 60–70 ಏರಿಸಿ, ಹೆಚ್ಚಿನ ಉದ್ಯೋಗಿಗಳಿಗೆ ಶೇ. 6–8 ಏರಿಸುವುದು ಸರಿಯಲ್ಲ ಎಂದರು. ಅವರ ಮಾತನ್ನು ಇಡೀ ದೇಶ ಓದಿತು. ನಾನು ಕೇಳಿದ್ದೂ ಅದನ್ನೇ ಮೇಡಂ. ನನ್ನ ಮೈಕ್ ಬಂದ್ ಆಯಿತು.

ಸಂಭಾವನೆ ಸಮಿತಿ ಇದೆಯಲ್ಲ ಎನ್ನಬಹುದು. ಅದರಲ್ಲಿ ಮೂರರಲ್ಲಿ ಎರಡು ಪಾಲು ಪ್ರವರ್ತಕರಿಗೆ ಸಂಬಂಧವಿಲ್ಲದ ಸ್ವತಂತ್ರ ನಿರ್ದೇಶಕರು ಇರಬೇಕು ಎಂದು ಷೇರುಪೇಟೆಯ ನಿಯಂತ್ರಕ ಸೆಬಿ ಹೇಳಿದೆ. ನಮ್ಮಲ್ಲೂ ಇದ್ದಾರೆ. ಆದರೆ ಅವರನ್ನು ಆರಿಸುವುದೂ ಅದೇ ಪ್ರವರ್ತಕರ ಓಟು. ಉಣ್ಣಲು ಇಟ್ಟವರ ಎದುರು ಕೂತು ಅಳತೆ ಮಾಡಿ ಬಡಿಸಿ ಎಂದು ಯಾರು ಹೇಳುತ್ತಾರೆ?

ನಾನು ಕೇಳುತ್ತಿರುವುದು ಹೊಸದೇನೂ ಅಲ್ಲ. ನಿಮ್ಮದೇ ಕಾಯ್ದೆಯ ಕಲಂ 188ರಲ್ಲಿ ಸಂಬಂಧಪಟ್ಟವರ ಜೊತೆಗಿನ ವ್ಯವಹಾರಕ್ಕೆ ಅದೇ ಸಂಬಂಧಪಟ್ಟವರು ಓಟು ಹಾಕುವಂತಿಲ್ಲ. ಎಂಡಿ ತನ್ನ ಗೋಡೌನನ್ನು ಕಂಪನಿಗೆ ಬಾಡಿಗೆಗೆ ಕೊಡುವ ವಿಷಯ ಆ ಕಲಮಿನಡಿ ಓಟಿಗೆ ಬಂದರೆ ಅವರು ಸುಮ್ಮನೆ ಕೂರಬೇಕು. ತನ್ನನ್ನೇ ತಾನು ಕೋಟಿಗಟ್ಟಲೆಗೆ ಕೊಡುವಾಗ ಮಾತ್ರ ಕೈ ಎತ್ತಬಹುದು. ಇದು ಯಾವ ನ್ಯಾಯ? ಆಸ್ಟ್ರೇಲಿಯಾದಲ್ಲಿ 2011ರಿಂದ ಸಂಬಳದ ವರದಿಗೆ ಆ ಸಂಬಳ ಪಡೆಯುವ ಹಿರಿಯ ಅಧಿಕಾರಿಗಳು ಓಟು ಹಾಕುವಂತಿಲ್ಲ. ಸತತ ಎರಡು ವರ್ಷ ಶೇ. 25 ವಿರೋಧ ಬಂದರೆ ಎಂಡಿ ಹೊರತು ನಿರ್ದೇಶಕರೆಲ್ಲ ಮತ್ತೆ ಚುನಾವಣೆಗೆ ನಿಲ್ಲಬೇಕೇ ಎಂದು ಷೇರುದಾರರನ್ನೇ ಕೇಳುತ್ತಾರೆ. ಅಲ್ಲಿ ಕಂಪನಿಗಳೇನೂ ಮುಚ್ಚಿಹೋಗಿಲ್ಲ.

ನಾನು ದುಡಿಯುವಾಗ ನನ್ನ ಬೋನಸ್ ಸಂಬಳದ ಶೇ. 8.33ಕ್ಕಿಂತ ಕೆಳಗೆ ಇಳಿಯುವಂತಿರಲಿಲ್ಲ, ಶೇ. 20ಕ್ಕಿಂತ ಮೇಲೆ ಹೋಗುವಂತಿರಲಿಲ್ಲ. ಕಂಪನಿ ಎಷ್ಟೇ ಲಾಭ ಮಾಡಲಿ, ಆ ಇಪ್ಪತ್ತರ ಗೆರೆ ದಾಟಲು ನಾವು ಕೈ ಎತ್ತಿ ನಿರ್ಣಯ ಮಾಡುವಂತಿರಲಿಲ್ಲ. ನಾವು ಅದನ್ನು ಕೇಳಲೂ ಇಲ್ಲ. ನಮಗೆ ಗೆರೆ ಎಂದರೆ ಗೆರೆ. ಅವರಿಗೂ ಹಾಗೇ ಇರಲಿ ಎಂದಷ್ಟೇ ಕೇಳುತ್ತಿದ್ದೇನೆ.

ಮಿತಿ ಮೀರಿದ ಸಂಬಳಕ್ಕೆ, ನಷ್ಟದ ವರ್ಷದ ಸಂಬಳಕ್ಕೆ, ಪ್ರವರ್ತಕರ ಮತ್ತು ಅವರ ಮನೆಯವರ ಓಟನ್ನು ಎಣಿಸಬೇಡಿ. ಹೊರಗಿನ ಷೇರುದಾರರು ಒಪ್ಪಿದರೆ ಕೊಡಲಿ, ನಾನು ಬಾಯಿ ಬಿಡುವುದಿಲ್ಲ. ಒಪ್ಪದಿದ್ದರೆ ಕೊಡಬಾರದು. ಇಷ್ಟನ್ನು ಕಲಂ 197ಕ್ಕೆ ಸೇರಿಸಿ. ಎರಡು ಸಾಲು ಸಾಕು.

ನಷ್ಟದ ವರ್ಷದ ನಿರ್ಣಯ ಮೂರು ವರ್ಷಕ್ಕಿಂತ ಹೆಚ್ಚು ನಡೆಯುವುದಿಲ್ಲ. ನಮ್ಮ ಕಂಪನಿಯದು ಮತ್ತೆ ಓಟಿಗೆ ಬರಲೇಬೇಕು. ಆ ನೋಟಿಸ್ ನನ್ನ ಕೈ ಸೇರುವುದರೊಳಗೆ ತಿದ್ದುಪಡಿ ತನ್ನಿ ಮೇಡಂ. ಪ್ರಶ್ನೆ ಬರೆದ ಹಾಳೆಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ನಿವೃತ್ತ ಟೂಲ್‌ರೂಂ ಕೆಲಸಗಾರ, 400 ಷೇರುಗಳ ಷೇರುದಾರ