ತಾಳ ಮಕ್ಕೊಂಡದೇನು?

ನಮ್ಮ ಸಂಘದ ಪತ್ರಿಕೆಯ ಶ್ರಾವಣದ ಸಂಚಿಕೆಗೆ ಸದಸ್ಯರಿಂದ ಬರಹ ಕೇಳುವಾಗ ಈ ಸಲ ಜೊತೆಗೊಂದು ಪ್ರಶ್ನೆಯನ್ನೂ ಕಳಿಸಿದ್ದೆವು. ಜಪ, ಧ್ಯಾನ, ಪಾರಾಯಣ, ಇಷ್ಟಲಿಂಗದ ಪೂಜೆ, ನಿಮ್ಮದು ಯಾವುದೇ ಇರಲಿ, ಅದರಲ್ಲಿ ಮುಂದೆ ಹೋಗಲು ನಿಮಗಿರುವ ಅಡ್ಡಿ ಏನು? ಉತ್ತರಗಳು ಬೇಕಾದಷ್ಟು ಬಂದವು. ಬಹುಪಾಲು ಒಂದೇ ಮಾತು: ಟೈಮ್ ಇಲ್ಲ. ಆಫೀಸು, ಟ್ರಾಫಿಕ್ಕು, ಮಕ್ಕಳ ಈಜು ಕ್ಲಾಸು, ಶನಿವಾರ ಬಂದರೆ ಬಟ್ಟೆ ಒಗೆಯುವುದು. ಭೂಮಿಯ ಈ ದಕ್ಷಿಣ ತುದಿಯಲ್ಲಿ ಶ್ರಾವಣ ಬರುವುದೇ ಚಳಿಗಾಲದಲ್ಲಿ. ಹುಮನಾಬಾದ್ ಕಡೆಯ ಸದಸ್ಯರೊಬ್ಬರು ಅದನ್ನೇ ಹಿಡಿದು ಬರೆದಿದ್ದಾರೆ: "ಈ ಥಂಡ್ಯಾಗ ನಸುಕಿನ್ಯಾಗ ಎದ್ದು ಜಳಕ ಮಾಡಿ ನೋಡ್ರಿ, ಆಮ್ಯಾಲ ಸಾಧನಿ ಬಗ್ಗಿ ಮಾತಾಡೋಣು."

ಪ್ರಶ್ನೆ ಹೊಸದೇನಲ್ಲ. ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿ, 30ನೇ ಸೂತ್ರದಲ್ಲಿ, ಸಾಧಕನಿಗೆ ಎದುರಾಗುವ 9 ಅಡ್ಡಿಗಳ ಪಟ್ಟಿಯೇ ಇದೆ. ಮೊದಲನೆಯದು ಕಾಯಿಲೆ. ಆಮೇಲೆ ಮನಸ್ಸಿನ ಜಡತನ, ಸಂಶಯ, ಎಚ್ಚರ ತಪ್ಪುವುದು, ಸೋಮಾರಿತನ, ಬಿಡದ ಆಸೆ, ಇಲ್ಲದ್ದನ್ನು ಕಂಡೆ ಎಂದುಕೊಳ್ಳುವುದು. ಕೊನೆಯ ಎರಡು ನನಗೆ ಬಹಳ ಹಿಡಿಸುತ್ತವೆ. ಎಷ್ಟು ಮಾಡಿದರೂ ಕಾಲೂರಲು ಒಂದು ನೆಲೆ ಸಿಗದಿರುವುದು ಒಂದು. ನೆಲೆ ಸಿಕ್ಕ ಮೇಲೂ ಅಲ್ಲಿ ನಿಲ್ಲಲಾಗದಿರುವುದು ಇನ್ನೊಂದು. ಅಂದರೆ ಗಳಿಸಿದ್ದು ಜಾರಿ ಹೋಗುತ್ತದೆ ಎಂಬುದನ್ನೂ ಆತ ಪಟ್ಟಿಗೆ ಸೇರಿಸಿಯೇ ಇಟ್ಟಿದ್ದಾನೆ. ಹೋದ ವರ್ಷ ಮನಸ್ಸು ಚೆನ್ನಾಗಿ ನಿಲ್ಲುತ್ತಿತ್ತು, ಈಗ ಯಾಕೋ ಆಗುತ್ತಿಲ್ಲ ಎಂದು ಬರೆದವರು ಇದನ್ನು ನೋಡಿ ಸ್ವಲ್ಪ ಸಮಾಧಾನ ಮಾಡಿಕೊಳ್ಳಬಹುದು.

ಗಮನಿಸಿದಿರಾ, ಈ ಪಟ್ಟಿಯಲ್ಲಿ ಟೈಮ್ ಇಲ್ಲ ಎಂಬುದು ಇಲ್ಲ. ಆಗಿನವರಿಗೂ ಹೊಲ, ದನ, ಮಕ್ಕಳು, ಬರಗಾಲ ಎಲ್ಲ ಇದ್ದವು ಅಲ್ವಾ? ಕಾಯಿಲೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಒಳಗಿನ ಸಂಗತಿಗಳೇ.

ಆದರೆ ನಮ್ಮ ಕಡೆಯವರು, ಅಂದರೆ ಕಲಬುರಗಿ, ಬೀದರ್, ಯಾದಗಿರಿಯವರು, ಬೆಳೆದದ್ದು ಸೂತ್ರ ಓದಿ ಅಲ್ಲ. ಮಠದ ದಾಸೋಹ, ಜಾತ್ರೆ, ಅಮವಾಸ್ಯೆಯ ಭಜನೆ ನೋಡಿ ಬೆಳೆದವರು ನಾವು. ಅಲ್ಲಿ ಇದೇ ಅಡ್ಡಿಗಳನ್ನು ಬೇರೆ ರೀತಿಯಲ್ಲಿ ನಿಭಾಯಿಸುತ್ತಿದ್ದರು. ಅದರಲ್ಲೂ ಒಂದು ಅಡ್ಡಿಯ ಬಗ್ಗೆ ನಮ್ಮ ಹಿರಿಯರಿಗೆ ಇದ್ದಷ್ಟು ಎಚ್ಚರ ಈಗ ನಮಗಿಲ್ಲ ಅಂತ ನನಗೆ ಅನಿಸುತ್ತದೆ. ಅದು ಭಕ್ತಿಯ ವೇಷದಲ್ಲೇ ಬರುವ ಅಡ್ಡಿ.

ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಹೋಗೋಣ. 12ನೇ ಶತಮಾನ, ಅಲ್ಲಮಪ್ರಭು ಹಿರಿಯನಾಗಿ ಕೂತ ಅನುಭವ ಮಂಟಪದ ಕಾಲ. ಅಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಗಂಡ ಹೆಂಡತಿ ಇದ್ದರು. ಮೂಲ ಊರು ರಾಯಚೂರು ಸೀಮೆಯ ಅಮರೇಶ್ವರ. ಶರಣರ ಮನೆಗಳ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಲ್ಲೇ ಜಂಗಮರಿಗೆ ದಾಸೋಹ, ಉಳಿದದ್ದು ಇವರಿಗೆ. ಬಗ್ಗಿ ಒಂದೊಂದೇ ಕಾಳು ಆಯುವ ಕೆಲಸ ಅದು. ಸೊಂಟ ಹಿಡಿದುಕೊಳ್ಳುತ್ತದೆ, ಕಣ್ಣು ನೆಲ ಬಿಟ್ಟು ಮೇಲೇಳುವ ಹಾಗಿಲ್ಲ.

ಒಂದು ದಿನ ಮಾರಯ್ಯ ಅನುಭವದ ಮಾತು ಕೇಳುತ್ತ ಮೈಮರೆತ. ಎಂಥ ಮಾತು! ಅಲ್ಲಮನ ಎದುರಿಗೆ ಕೂತು ಕೇಳುವ ಮಾತು. ನಮಗೆ ಅಂಥ ಭಾಗ್ಯ ಸಿಕ್ಕಿದ್ದರೆ ಫೋಟೋ ತೆಗೆದು ಎಲ್ಲರಿಗೂ ಕಳಿಸುತ್ತಿದ್ದೆವು. ಲಕ್ಕಮ್ಮ ಮಾತ್ರ ಗಂಡನಿಗೆ ಹೇಳಿದ್ದು, ಕಾಯಕ ನಿಂತಿತು, ಹೋಗು ಅಂತ. ಜ್ಞಾನದ ಮಾತು ಕೇಳುತ್ತಿದ್ದೀಯಲ್ಲ, ಇರಲಿ ಬಿಡು ಎನ್ನಲಿಲ್ಲ. ಇನ್ನೊಂದು ದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಕದ್ದದ್ದಲ್ಲ, ನೆಲದಲ್ಲಿ ಬಿದ್ದದ್ದನ್ನೇ ಆಯ್ದದ್ದು. ತನ್ನ ಹೊಟ್ಟೆಗೂ ಅಲ್ಲ, ದಾಸೋಹಕ್ಕೆ. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಇಷ್ಟು ಅಕ್ಕಿಯ ಆಸೆ ನಿನಗೇಕೆ, ಆಸೆ ಅರಸರಿಗಿರಲಿ, ಶಿವಭಕ್ತರಿಗೆ ಇರಬಹುದೇ ಅಂತ ಕೇಳಿ, ಜಾಸ್ತಿ ತಂದದ್ದನ್ನು ತಂದಲ್ಲೇ ಸುರಿದು ಬಾ ಎಂದಳು.

ಈ ಎರಡು ಪ್ರಸಂಗಗಳನ್ನು ಹರಟೆಯಲ್ಲಿ ಹೇಳಿದರೆ, ಎಂಥ ಗಟ್ಟಿಗಿತ್ತಿ ಹೆಂಡತಿ ನೋಡ್ರಿ ಅಂತ ನಕ್ಕು ಮುಂದೆ ಹೋಗುತ್ತೇವೆ. ನನಗೆ ಮಾತ್ರ ಮಾರಯ್ಯನ ಬಗ್ಗೆಯೇ ಕುತೂಹಲ. ಅವನು ದಾರಿ ತಪ್ಪಿದ ಮನುಷ್ಯ ಅಲ್ಲ. ಒಂದು ದಿನ ಒಳ್ಳೆಯ ಮಾತು ಜಾಸ್ತಿ ಕೇಳಿದ, ಇನ್ನೊಂದು ದಿನ ಒಳ್ಳೆಯ ಕೆಲಸಕ್ಕೆ ಜಾಸ್ತಿ ತಂದ, ಅಷ್ಟೇ. ಕೆಟ್ಟದ್ದನ್ನು ಬಿಡು ಅಂತ ಯಾರು ಬೇಕಾದರೂ ಹೇಳುತ್ತಾರೆ. ಒಳ್ಳೆಯದರಲ್ಲೇ ಅಡಗಿ ಕೂತ ಆಸೆಯನ್ನು ಗುರುತಿಸುವುದು ಕಷ್ಟ, ಏಕೆಂದರೆ ಅದನ್ನು ಬೈಯುವವರೇ ಇರುವುದಿಲ್ಲ. ಊರೆಲ್ಲ ಹೊಗಳುತ್ತದೆ. ಹೊನ್ನು, ಹೆಣ್ಣು, ಮಣ್ಣು ಮಾಯೆಯಲ್ಲ, ಮನದ ಮುಂದಣ ಆಸೆಯೇ ಮಾಯೆ ಎಂದ ಅಲ್ಲಮನ ಮಾತು ನಮಗೆಲ್ಲ ಬಾಯಿಪಾಠ. ಆ ಆಸೆ ಪುಣ್ಯದ್ದೂ ಆಗಿರಬಹುದು ಎಂಬುದು ತಲೆಗೆ ಹೋಗುವುದಿಲ್ಲ.

ನಮ್ಮ ಫೋನುಗಳನ್ನೇ ನೋಡಿ. ಬೆಳಗ್ಗೆ ಎದ್ದರೆ ಪ್ರವಚನದ ವಿಡಿಯೋಗಳ ರಾಶಿ. ಅಡಿಗೆ ಮಾಡುವಾಗ ಒಂದು, ರೈಲಿನಲ್ಲಿ ಒಂದು, ಮಲಗುವಾಗ ಇನ್ನೊಂದು. ಕೇಳಿ ಮುಗಿಸಿದಾಗ ಏನೋ ಸಾಧಿಸಿದ ಹಾಗೆ ಒಂದು ಹಗುರ. ಕೂತು ಹತ್ತು ನಿಮಿಷ ಜಪ ಮಾಡಿದರೆ ಆ ಹಗುರ ಸಿಗುವುದಿಲ್ಲ, ಬದಲಿಗೆ ಬೇಜಾರು, ಆಕಳಿಕೆ, ನಾಳಿನ ಮೀಟಿಂಗಿನ ನೆನಪು. ಹಾಗಾಗಿ ಮತ್ತೊಂದು ಪ್ರವಚನ. ಮೇಲೆ ಲೆಕ್ಕದ ಹುಚ್ಚು. ಲಕ್ಷ ಜಪ, ಸಾಮೂಹಿಕ ಕೋಟಿ ಜಪ, ಯಾರದು ಎಷ್ಟಾಯಿತು ಅಂತ ಗ್ರೂಪಿನಲ್ಲಿ ಪಟ್ಟಿ. ಲೆಕ್ಕ ಬೇಡ ಅಂತಲ್ಲ, ಜಪಮಣಿ ಇರುವುದೇ ಎಣಿಸಲಿಕ್ಕೆ. ಆದರೆ ಲೆಕ್ಕ ಮುಗಿಸುವ ಅವಸರದಲ್ಲಿ ನಾಲಿಗೆ ಓಡುವಾಗ, ಅದು ಮಾರಯ್ಯನ ಜಾಸ್ತಿ ಅಕ್ಕಿಯೇ. ವಾಪಸ್ ಸುರಿದು ಬಾ ಎನ್ನುವವರು ಮನೆಯಲ್ಲಿ ಇಲ್ಲ, ಅಷ್ಟೇ ವ್ಯತ್ಯಾಸ.

ಈ ಅಡ್ಡಿಗೆ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಇನ್ನೊಂದು ಮದ್ದು ಇದೆ. ದತ್ತ ಸಂಪ್ರದಾಯದ ಗುರು ನೃಸಿಂಹ ಸರಸ್ವತಿಗಳು ಇದ್ದ ಊರು, ಅವರ ನಿರ್ಗುಣ ಪಾದುಕೆಗಳಿರುವ ಜಾಗ. ಭೀಮಾ ಮತ್ತು ಅಮರಜಾ ನದಿಗಳು ಕೂಡುವ ಸಂಗಮದಲ್ಲಿ ಮಿಂದು, ಅತ್ತಿಯ ಮರದ ಕೆಳಗೆ ಕೂತು ಅವರ ಕಥೆ ಹೇಳುವ ಗುರುಚರಿತ್ರೆಯ ಪಾರಾಯಣ ಮಾಡುವವರು ವರ್ಷವಿಡೀ ಇರುತ್ತಾರೆ. ಏಳು ದಿನದ ಸಪ್ತಾಹ ಹಿಡಿದವರು, ತಿಂಗಳುಗಟ್ಟಲೆ ಸೇವೆ ಹಿಡಿದವರು. ನಮ್ಮಲ್ಲಿ ಈ ಭಾಗ ಎಲ್ಲರಿಗೂ ಗೊತ್ತು. ಮಧ್ಯಾಹ್ನದ ಮಾಧುಕರಿಯ ಬಗ್ಗೆ ಮಾತು ಕಮ್ಮಿ.

ಮಧ್ಯಾಹ್ನದ ಹೊತ್ತಿಗೆ ಸೇವೆ ಹಿಡಿದವರು ಜೋಳಿಗೆಯೋ ತಟ್ಟೆಯೋ ಹಿಡಿದು ಹೊರಡುತ್ತಾರೆ. ಬಾಗಿಲಿಗೆ ಹೋಗಿ ನಿಂತು ಭಿಕ್ಷೆ ಕೇಳಬೇಕು. ಐದು ಮನೆ ಎಂಬುದು ಪದ್ಧತಿ. ಹಾಕಿದ್ದೇ ಊಟ. ಮೊದಲ ಸಲ ಬಂದವರನ್ನು ದೂರದಿಂದಲೇ ಗುರುತಿಸಬಹುದು. ಚಲೋ ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ವಾಚು, ಜೋಳಿಗೆ ಅರ್ಧ ಬೆನ್ನ ಹಿಂದೆ. ಬಾಗಿಲ ಮುಂದೆ ನಿಂತು ಬಾಯಿ ತೆರೆಯುತ್ತಾರೆ, ದನಿ ಹೊರಡುವುದಿಲ್ಲ. ಗಂಟಲು ಸರಿ ಮಾಡಿಕೊಳ್ಳುತ್ತಾರೆ. ಒಳಗಿನಿಂದ ಹೆಣ್ಣುಮಗಳೊಬ್ಬಳು ಅವರ ಮುಖವನ್ನೂ ನೋಡದೆ ಜೋಳದ ರೊಟ್ಟಿಯ ಮೇಲೆ ಒಂದಿಷ್ಟು ಪಲ್ಯ ಹಾಕಿ ಮುಂದಿನವರ ಕಡೆ ತಿರುಗುತ್ತಾಳೆ. ಹಿಂದೆ ನಿಂತವನು ನಿಜವಾದ ಭಿಕ್ಷುಕ. ಅವನಿಗೂ ಅಷ್ಟೇ ರೊಟ್ಟಿ, ಅಷ್ಟೇ ಪಲ್ಯ. ಬೆಳಗ್ಗೆ ಎಷ್ಟು ಅಧ್ಯಾಯ ಓದಿದಿರಿ, ಯಾವ ದೇಶದಿಂದ ಬಂದಿರಿ ಅಂತ ಯಾರೂ ಕೇಳುವುದಿಲ್ಲ. ಶ್ರೀಗುರು ಯಾವುದೋ ರೂಪದಲ್ಲಿ ಆ ಹೊತ್ತಿಗೆ ಭಿಕ್ಷೆಗೆ ಬರುತ್ತಾರೆ ಎಂಬ ನಂಬಿಕೆ ಇರುವುದರಿಂದ, ನೀಡುವವರೂ ಯಾರನ್ನೂ ಬರಿಗೈಲಿ ಕಳಿಸುವ ಧೈರ್ಯ ಮಾಡುವುದಿಲ್ಲ. ಬೆಳಗ್ಗೆ ಪಾರಾಯಣ ಮಾಡಿ ಗಳಿಸಿದ ಸಣ್ಣ ಗರ್ವ ಏನಾದರೂ ಇದ್ದರೆ ಮಧ್ಯಾಹ್ನ ಅಲ್ಲೇ ಇಳಿಯುತ್ತದೆ. ಈ ಏರ್ಪಾಟು ಮಾಡಿದವರಿಗೆ ಮನುಷ್ಯರ ಬಗ್ಗೆ ಚೆನ್ನಾಗಿ ಗೊತ್ತಿತ್ತು ಎಂದು ನನಗೆ ಪ್ರತಿ ಸಲ ಅನಿಸುತ್ತದೆ.

ಇನ್ನು ಸೋಮಾರಿತನ, ನಿದ್ದೆ. ಇದಕ್ಕೆ ನಮ್ಮ ತತ್ವಪದದ ಭಜನೆಯವರನ್ನು ಕೇಳಬೇಕು. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪರಂಪರೆ ಕಲಬುರಗಿ ಸೀಮೆಯಲ್ಲಿ ಇಂದಿಗೂ ಉಸಿರಾಡುತ್ತಿದೆ. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರೂ ಇದ್ದರು, ಜಾತಿ ಮತದ ಗೋಡೆ ಅಲ್ಲಿ ನಿಲ್ಲಲಿಲ್ಲ. ಅಮವಾಸ್ಯೆ ಬಂತೆಂದರೆ ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯಿಡೀ ಹಾಡು. ಹಗಲೆಲ್ಲ ಹೊಲದಲ್ಲಿ ದುಡಿದು ಬಂದವರು, ನಿದ್ದೆ ಬರದೆ ಇರುತ್ತದೆಯೇ? ನಮ್ಮ ಓಣಿಯ ಕಾಕಾ ಒಬ್ಬರು ನಡುರಾತ್ರಿ ದಾಟಿದ ಮೇಲೆ ಕಣ್ಣು ಮುಚ್ಚಿ, ಗದ್ದ ಎದೆಗೆ ತಾಗಿಸಿ ಗೊರಕೆಯನ್ನೇ ಹೊಡೆಯುತ್ತಿದ್ದರು. ಕೈಯಲ್ಲಿನ ತಾಳ ಮಾತ್ರ ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ. ಹುಡುಗರು ನಗುತ್ತ ಎಬ್ಬಿಸಿದರೆ, "ನಾ ಮಕ್ಕೊಂಡೀನಿ ಖರೆ. ತಾಳ ಮಕ್ಕೊಂಡದೇನು?" ಎನ್ನುತ್ತಿದ್ದರು.

ತಮಾಷೆಗೆ ಹೇಳಿದ ಮಾತು. ಆದರೆ ಮನಸ್ಸು ನಿಲ್ಲುವುದಿಲ್ಲ, ಅದಕ್ಕೇ ಕೂರುವುದನ್ನೇ ಬಿಟ್ಟೆ ಎಂದು ಬರೆದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ. ಕಾಕಾನ ಮನಸ್ಸು ನಿಂತ ಮೇಲೆ ತಾಳ ಹಿಡಿದದ್ದಲ್ಲ. ತಾಳ ಹಿಡಿದು ಕೂತಿದ್ದರು, ಮನಸ್ಸು ಬಂದಾಗ ಬರುತ್ತಿತ್ತು, ಇಲ್ಲದಿದ್ದರೆ ಇಲ್ಲ. ಸುತ್ತ ಕೂತವರು ಹಾಡುತ್ತಿದ್ದರು, ಪದ ಸಾಗುತ್ತಿತ್ತು. ಇಲ್ಲಿ ನಾವು ಒಬ್ಬೊಬ್ಬರೇ, ಬಾಗಿಲು ಹಾಕಿಕೊಂಡು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಸಾಧನೆಗೆ ಕೂರುತ್ತೇವೆ. ಒಬ್ಬರೇ ಕೂತಾಗ ತೂಕಡಿಕೆ ಬಂದರೆ ಅಂದಿನ ಕೆಲಸ ಅಲ್ಲಿಗೇ ಮುಗಿಯಿತು. ಏಕಾಂತ ದೊಡ್ಡವರಿಗೆ ಒಗ್ಗೀತು, ನಮ್ಮಂಥವರಿಗೆ ನಾಲ್ಕು ಜನ ಬೇಕು.

ಬೀದರಿನ ಝರಣಿ ನರಸಿಂಹನ ಗುಹೆಯಲ್ಲೂ ಇದೇ. ಸುಮಾರು 300 ಮೀಟರ್ ಉದ್ದದ ಸುರಂಗ, ಎದೆಮಟ್ಟ ನೀರು, ತಲೆಯ ಮೇಲೆ ಬಾವಲಿ. ಒಬ್ಬರೇ ಹೋಗಿ ಅಂದರೆ ಎಷ್ಟು ಜನ ಹೋದಾರು? ಮುಂದಿನವರ ಬೆನ್ನು ಕಾಣುತ್ತದೆ, ಹಿಂದಿನವರು ದೇವರ ಹೆಸರು ಕೂಗುತ್ತಾರೆ, ಹೆಗಲ ಮೇಲಿನ ಕೂಸು ಅಳುವುದೋ ನಗುವುದೋ ಅಂತ ಯೋಚಿಸುತ್ತಿರುತ್ತದೆ. ಹಾಗೇ ಕಾಲು ಮುಂದೆ ಹೋಗುತ್ತವೆ.

ಸಂಶಯದ ಬಗ್ಗೆ ಒಂದು ಮಾತು. ಎರಡನೆಯ ತಲೆಮಾರಿನ ಹುಡುಗಿಯೊಬ್ಬಳು, ದೇವರು ಇದ್ದಾನೋ ಇಲ್ಲವೋ ಎಂಬುದೇ ಗೊತ್ತಿಲ್ಲ, ಅದೇ ನನ್ನ ಅಡ್ಡಿ ಅಂತ ಬರೆದಿದ್ದಾಳೆ. ಪತಂಜಲಿಯ ಪಟ್ಟಿಯಲ್ಲಿ ಸಂಶಯ ಇದೆ, ನಿಜ. ಆದರೆ ಬಾಯಿ ಮುಚ್ಚಿ ನಂಬು ಎನ್ನುವುದು ಕಲ್ಯಾಣದ ಸಂಪ್ರದಾಯ ಅಲ್ಲ. ಅನುಭವ ಮಂಟಪದಲ್ಲಿ ಪ್ರಶ್ನೆಗೆ ಪ್ರಶ್ನೆ ಹಾಕಿಯೇ ಮಾತು ಬೆಳೆಯುತ್ತಿತ್ತು. ಅಕ್ಕಮಹಾದೇವಿಯನ್ನೂ ಅಲ್ಲಮ ಪ್ರಶ್ನೆ ಹಾಕಿ ಪರೀಕ್ಷೆ ಮಾಡಿಯೇ ಒಳಗೆ ಬಿಟ್ಟದ್ದು. ನಿನ್ನ ಪ್ರಶ್ನೆಯನ್ನು ಇಟ್ಟುಕೋ ತಂಗಿ, ಭಜನೆಗೂ ಬಾ. ತಾಳ ಹಿಡಿಯಲಿಕ್ಕೆ ನಂಬಿಕೆಯ ಸರ್ಟಿಫಿಕೇಟು ಬೇಡ.

ಕಲಬುರಗಿಯ ಶರಣಬಸವೇಶ್ವರರ ವಿಷಯ ಹೇಳದೆ ಮುಗಿಸಿದರೆ ಊರಿನವರು ಬಿಡುವುದಿಲ್ಲ. 1746ರಿಂದ 1822ರವರೆಗೆ ಬಾಳಿದ, ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಶರಣರು. ತೆನೆ ತಿನ್ನಲು ಬಂದ ಹಕ್ಕಿಗಳನ್ನು ಓಡಿಸುವ ಬದಲು ಅವಕ್ಕೆ ಕುಡಿಯಲು ನೀರಿಟ್ಟರು ಎಂದು ನಮ್ಮ ಕಡೆ ಪ್ರತಿ ಮಗುವಿಗೂ ಹೇಳುತ್ತಾರೆ. ಆಮೇಲೆ ಕಲಬುರಗಿಗೆ ಬಂದು ದಾಸೋಹಕ್ಕೆ ನಿಂತರು. ಶ್ರಾವಣ ಸೋಮವಾರ ಆ ಗುಡಿಯ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಅವರ ಹೆಸರಿನ ಜೊತೆ ಜನ ಮೊದಲು ನೆನೆಯುವುದು ಅನ್ನವನ್ನು. ಎಷ್ಟು ಜಪ ಮಾಡಿದರು ಎಂಬ ಲೆಕ್ಕ ಯಾರ ಬಾಯಲ್ಲೂ ಇಲ್ಲ.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಸಂಘದ ಶ್ರಾವಣ ಭಜನೆಯ ವಿಚಾರಕ್ಕೆ ಬರಬೇಕು. ಕಾರ್ಯಕಾರಿ ಸಮಿತಿಯಲ್ಲಿ ಒಂದಿಷ್ಟು ಜಗ್ಗಾಟದ ನಂತರ ಕೆಲವು ಬದಲಾವಣೆ ಆಗಿವೆ. ಈ ಸಲ ಮುಖ್ಯ ಅತಿಥಿ ಇಲ್ಲ, ಶಾಲು ಹಾರ ಇಲ್ಲ, ದಾನಿಗಳ ಹೆಸರು ಓದುವುದೂ ಇಲ್ಲ. ಇದು ಕೆಲವರಿಗೆ ಬೇಜಾರು ತಂದಿದೆ, ನನಗೆ ಫೋನೂ ಬಂದಿದೆ. ಮುಂದಿನ ಸಾಲು ಕಾಯ್ದಿರಿಸುವುದಿಲ್ಲ. ಎಲ್ಲರೂ ಜಮಖಾನೆಯ ಮೇಲೆಯೇ, ಮಂಡಿ ನೋವಿದ್ದವರಿಗೆ ಕುರ್ಚಿ ಇರುತ್ತದೆ. ಪ್ರವಚನ ಅರ್ಧ ಗಂಟೆ ಮಾತ್ರ, ಉಳಿದ ಹೊತ್ತು ಹಾಡು. ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗೋಧಿ ಹುಗ್ಗಿ. ಬಡಿಸಲು ಹೆಸರು ಕೊಟ್ಟವರು ಬಹಳ ಜನ ಇದ್ದಾರೆ, ಸಂತೋಷ. ಪಾತ್ರೆ ತೊಳೆಯುವ ಪಟ್ಟಿ ಇನ್ನೂ ಹೆಚ್ಚುಕಡಿಮೆ ಖಾಲಿಯೇ ಇದೆ. ಅಧ್ಯಕ್ಷರು ತಮ್ಮ ಹೆಸರನ್ನು ಮೊದಲು ಬರೆದಿದ್ದಾರೆ, ಅದರ ಕೆಳಗೆ ನನ್ನದು. ಉಳಿದವರು ಶುಕ್ರವಾರದ ಒಳಗೆ ತಿಳಿಸಿ. ಏಕತಾರಿ ಸಂಘದಲ್ಲಿ ಒಂದೇ ಇದೆ, ಮನೆಯಲ್ಲಿ ಇದ್ದವರು ತಂದರೆ ಒಳ್ಳೆಯದು. ತಾಳಗಳು ಸಾಕಷ್ಟಿವೆ.