ಕೆರೆಯ ಮೂಲೆಯ ಬಣ್ಣದ ಉಲ್ಲಂಕಿಗೆ ಸ್ವಲ್ಪ ಕೆಸರು ಬಿಡಿ

ಮಾನ್ಯ ಸಂಪಾದಕರೇ,

ನಮ್ಮೂರ ಕೆರೆ ಏರಿ ಮೇಲೆ ನಾನು ದಿನಾ ಸಂಜೆ ವಾಕಿಂಗ್ ಹೋಗುತ್ತೇನೆ. ನಾಲ್ಕು ವರ್ಷದಿಂದ ಇದು ರೂಢಿ. ಜುಲೈ ತಿಂಗಳಲ್ಲಿ ಒಂದು ದಿನ ಮೋಡ ಕವಿದು ಆರೂವರೆಗೇ ಮಬ್ಬಾಗಿತ್ತು. ಏರಿ ಮುಗಿದು ಹಳ್ಳದ ನೀರು ಕೆರೆಗೆ ಸೇರುವ ಮೂಲೆ ಇದೆಯಲ್ಲ, ಅಲ್ಲಿ ಜೊಂಡಿನ ಅಂಚಿನಲ್ಲಿ ಒಂದು ಹಕ್ಕಿ ನಿಂತಿತ್ತು. ನಾನು ಇಷ್ಟು ದಿನ ನೋಡಿದ ಯಾವ ಹಕ್ಕಿಯೂ ಅದಲ್ಲ. ಮಗಳು ಕಾಲೇಜಿನ ಟ್ರಿಪ್‌ಗೆ ಅಂತ ತಗೊಂಡಿದ್ದ ಹಳೆಯ ಜೂಮ್ ಕ್ಯಾಮೆರಾ ಅವತ್ತು ಕೈಯಲ್ಲಿತ್ತು. ಹನ್ನೊಂದು ಫೋಟೊ ತೆಗೆದೆ. ಅದು ಅಷ್ಟೂ ಹೊತ್ತು ಕಲ್ಲಿನ ಹಾಗೆ ಅಲುಗಾಡದೆ ನಿಂತಿತ್ತು, ಆಮೇಲೆ ಹಿಂಭಾಗವನ್ನು ಮೇಲೆ ಕೆಳಗೆ ಆಡಿಸುತ್ತಾ ನಿಧಾನಕ್ಕೆ ಜೊಂಡಿನೊಳಗೆ ಹೋಯಿತು.

ಮನೆಗೆ ಬಂದು ಫೋಟೊ ದೊಡ್ಡದು ಮಾಡಿ ನೋಡಿದೆ. ತಲೆ, ಕುತ್ತಿಗೆ, ಎದೆ ಎಲ್ಲ ಕಾಚಿನ ಬಣ್ಣ. ಕಣ್ಣಿನ ಸುತ್ತ ಬಿಳಿ, ಆ ಬಿಳಿ ಹಿಂದಕ್ಕೆ ಕಾಡಿಗೆ ತೀಡಿದ ಹಾಗೆ ಚೂಪಾಗಿ ಹೋಗಿತ್ತು. ಎದೆಯ ಪಕ್ಕದಿಂದ ಹೆಗಲ ಮೇಲೆ ಹಾದು ಬೆನ್ನಿಗೆ ಹೋಗುವ ಒಂದು ಬಿಳಿ ಪಟ್ಟಿ, ಶಾಲೆ ಮಕ್ಕಳ ಬ್ಯಾಗಿನ ಪಟ್ಟಿಯ ಹಾಗೆ. ಉದ್ದ ಕೊಕ್ಕು, ತುದಿಯಲ್ಲಿ ಸ್ವಲ್ಪ ಕೆಳಕ್ಕೆ ಬಾಗಿತ್ತು. ಗಾತ್ರದಲ್ಲಿ ಗೌಜಲಕ್ಕಿಂತ ಸ್ವಲ್ಪ ಚಿಕ್ಕದು.

ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ. ಐದು ನಿಮಿಷದಲ್ಲಿ ಐದು ಹೆಸರು ಬಂತು. ಹುಂಡುಕೋಳಿ ಅಂದರು ಒಬ್ಬರು. ಕೊಕ್ಕರೆ ಮರಿ ಅಂದರು ಇನ್ನೊಬ್ಬರು. ಇದು ಸೈಬೀರಿಯಾದಿಂದ ಬಂದಿರೋ ವಿದೇಶಿ ಹಕ್ಕಿ, ಪೇಪರ್‌ಗೆ ಕಳಿಸಿ ಅಂತ ಮತ್ತೊಬ್ಬರು. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಹಕ್ಕಿಯನ್ನು ಎಲ್ಲಿ ನೋಡಿದೆ, ಯಾವಾಗ ನೋಡಿದೆ ಅಂತ ಯಾರೂ ಕೇಳಲಿಲ್ಲ.

ಅದನ್ನು ಕೇಳಿದವರು ಮಗಳಿಗೆ ಪಾಠ ಮಾಡಿದ್ದ ಮೇಷ್ಟ್ರು. ಹಕ್ಕಿ ನೋಡುವ ಅಭ್ಯಾಸ ಇರುವವರು. ನಾನು ಚೆನ್ನಾಗಿ ಬಂದಿದ್ದ ಒಂದೇ ಫೋಟೊ ಕಳಿಸಿದ್ದೆ. ಅವರು ಫೋನ್ ಮಾಡಿ, ನೀರಲ್ಲಿತ್ತಾ ಕೆಸರಲ್ಲಿತ್ತಾ, ಎಷ್ಟು ಹೊತ್ತಿಗೆ, ಒಂದೇ ಇತ್ತಾ, ಹೇಗೆ ನಡೀತಾ ಇತ್ತು ಅಂತೆಲ್ಲ ಕೇಳಿದರು. ಆಮೇಲೆ, ‘ಚೆನ್ನಾಗಿ ಬರದೇ ಇರೋ ಫೋಟೊಗಳನ್ನೂ ಕಳಿಸಿ ಅಮ್ಮ, ಡಿಲೀಟ್ ಮಾಡಬೇಡಿ’ ಅಂದರು. ಅಲುಗಾಡಿ ಮಸುಕಾಗಿದ್ದ ಏಳನೇ ಫೋಟೊದಲ್ಲಿ ಹಕ್ಕಿ ಪಕ್ಕಕ್ಕೆ ತಿರುಗಿತ್ತು, ಹೆಗಲ ಪಟ್ಟಿ ಪೂರ್ತಿ ಕಾಣುತ್ತಿತ್ತು. ಅಷ್ಟೇ ಅಲ್ಲ, ಅದರ ಹಿಂದೆ ಜೊಂಡಿನ ನೆರಳಲ್ಲಿ ಇನ್ನೊಂದು ಹಕ್ಕಿ ಇತ್ತು. ಬೂದು ಮಿಶ್ರಿತ ಕಂದು ಬಣ್ಣ, ರೆಕ್ಕೆ ಮೇಲೆ ಹೊಂಬಣ್ಣದ ಚುಕ್ಕೆ. ಎದುರಿಗೇ ಇದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಇದು ಬಣ್ಣದ ಉಲ್ಲಂಕಿ. ಇಂಗ್ಲಿಷಿನಲ್ಲಿ ಗ್ರೇಟರ್ ಪೇಂಟೆಡ್ ಸ್ನೈಪ್ ಎನ್ನುತ್ತಾರೆ. ಹಕ್ಕಿ ಗುರುತಿಸುವ ಮೆರ್ಲಿನ್ ಅನ್ನುವ ಫೋನ್ ಆ್ಯಪ್‌ಗೆ ಊರು ಮತ್ತು ದಿನಾಂಕ ಕೊಟ್ಟು ಅದೇ ಫೋಟೊ ಹಾಕಿದಾಗ ಅದೂ ಈ ಹೆಸರನ್ನೇ ತೋರಿಸಿತು. ದಿನಾಂಕ ಯಾಕೆ ಮುಖ್ಯ ಅಂತ ಮೇಷ್ಟ್ರು ಬಿಡಿಸಿ ಹೇಳಿದರು. ಇದನ್ನೇ ಹೋಲುವ, ಉದ್ದ ನೇರ ಕೊಕ್ಕಿನ, ತಲೆ ಮೇಲೆ ಗೆರೆ ಇರುವ ಬೇರೆ ಉಲ್ಲಂಕಿಗಳು ನಮ್ಮ ಕೆರೆಗಳಿಗೆ ಚಳಿಗಾಲಕ್ಕೆ ಉತ್ತರದ ದೇಶಗಳಿಂದ ಬರುತ್ತವೆ. ಜುಲೈನಲ್ಲಿ ಅವು ಇಲ್ಲಿ ಇರೋದಿಲ್ಲ. ಬಣ್ಣದ ಉಲ್ಲಂಕಿ ಎಲ್ಲಿಂದಲೋ ಬಂದ ಅತಿಥಿ ಅಲ್ಲವೇ ಅಲ್ಲ. ಇಲ್ಲೇ ಹುಟ್ಟಿ ಇಲ್ಲೇ ಬಾಳುವ ಹಕ್ಕಿ. ಹಗಲೆಲ್ಲ ಜೊಂಡಿನಲ್ಲಿ ಅಡಗಿದ್ದು, ಮುಸ್ಸಂಜೆಗೆ ಮತ್ತು ನಸುಕಿಗೆ ಹೊರಗೆ ಬರುತ್ತದೆ. ನಾಲ್ಕು ವರ್ಷ ಅದೇ ದಾರಿಯಲ್ಲಿ ಓಡಾಡಿದರೂ ನನಗೆ ಕಾಣದೆ ಇದ್ದದ್ದು ಇದಕ್ಕೇ.

ಇನ್ನೊಂದು ವಿಷಯ ಕೇಳಿ ನನಗೆ ನಿಜಕ್ಕೂ ಖುಷಿಯಾಯಿತು. ನವಿಲು, ಕೋಳಿ ನೋಡಿ ಬೆಳೆದ ನಾನು ಆ ಕಾಚು ಬಣ್ಣದ ಚೆಂದದ ಹಕ್ಕಿಯೇ ಗಂಡು ಅಂದುಕೊಂಡಿದ್ದೆ. ಅದು ಹೆಣ್ಣು. ಹಿಂದೆ ಮಂಕಾಗಿ ನಿಂತಿದ್ದೇ ಗಂಡು. ಈ ಜಾತಿಯಲ್ಲಿ ಕೂಗಿ ಜೋಡಿ ಕರೆಯೋದು ಹೆಣ್ಣು. ಮೊಟ್ಟೆ ಇಟ್ಟು, ಕೆಲವೊಮ್ಮೆ ಇನ್ನೊಂದು ಗಂಡಿನ ಜೊತೆ ಇನ್ನೊಂದು ಸಂಸಾರ ಹೂಡೋದೂ ಉಂಟು. ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಎರಡು ಮೂರು ವಾರ ಕಾವು ಕೊಟ್ಟು, ಮರಿಗಳನ್ನು ರೆಕ್ಕೆಯಡಿ ಇಟ್ಟುಕೊಂಡು ಸಾಕೋದು ಅಪ್ಪ. ಗೂಡಿನಲ್ಲಿ ಕೂತವನು ಕಣ್ಣಿಗೆ ಬೀಳಬಾರದಲ್ಲ, ಅದಕ್ಕೇ ಅವನ ಮೈ ಒಣ ಜೊಂಡಿನ ಬಣ್ಣ. ನಮ್ಮ ಕೆರೆಗಳಲ್ಲಿ ತಾವರೆ ಎಲೆ ಮೇಲೆ ನಡೆಯುವ ದೇವನಕ್ಕಿ ಇದಕ್ಕೆ ಹತ್ತಿರದ ನೆಂಟ, ಅದರಲ್ಲೂ ಹೀಗೇ ಅಪ್ಪನೇ ಕಾವು ಕೊಡೋದು. ಹೆಸರಲ್ಲಿ ಉಲ್ಲಂಕಿ ಅಂತ ಇದ್ದರೂ ಬಣ್ಣದ ಉಲ್ಲಂಕಿಯ ಕುಟುಂಬವೇ ಬೇರೆ. ಇಡೀ ಜಗತ್ತಿನಲ್ಲಿ ಆ ಕುಟುಂಬದಲ್ಲಿ ಇರೋದು ಮೂರೇ ಜಾತಿ. ಒಂದು ದಕ್ಷಿಣ ಅಮೆರಿಕದ್ದು, ಒಂದು ಆಸ್ಟ್ರೇಲಿಯಾದ್ದು, ಆಫ್ರಿಕಾ ಮತ್ತು ಏಷ್ಯಾದಲ್ಲಿ ಇರುವ ಮೂರನೆಯದು ನಮ್ಮೂರ ಹಳ್ಳದ ಮೂಲೆಯಲ್ಲಿದೆ.

ಮಾರನೇ ದಿನ ಅಲ್ಲಿ ಎಮ್ಮೆ ಮೇಯಿಸುವ ಅಜ್ಜನಿಗೆ ಫೋಟೊ ತೋರಿಸಿದೆ. ಕ್ಯಾಮೆರಾ ಹತ್ತಿರ ಹಿಡಿದು ನೋಡಿ, ‘ಇದಾ, ಕತ್ತಲಾದ್ಮೇಲೆ ಊಕ್ ಊಕ್ ಅಂತ ಕೂಗ್ತದಲ್ಲ, ಅದು ಕಣವ್ವ. ಖಾಲಿ ಬಾಟ್ಲಿ ಬಾಯಿಗೆ ಊದ್ದಂಗೆ’ ಅಂದ. ಅವನಿಗೆ ಹೆಸರು ಗೊತ್ತಿರಲಿಲ್ಲ, ಕೂಗು ಗೊತ್ತಿತ್ತು. ಅವತ್ತು ಏಳೂಕಾಲಿನವರೆಗೂ ಇಬ್ಬರೂ ಏರಿ ಮೇಲೆ ಸುಮ್ನೆ ಕೂತಿದ್ದೆವು. ಕೇಳಿಸಿತು. ಅವನು ಹೇಳಿದ ಹಾಗೇ ಇತ್ತು.

ಇಷ್ಟು ಮಾತ್ರ ಆಗಿದ್ದರೆ ನಿಮಗೆ ಕಾಗದ ಬರೆಯುತ್ತಿರಲಿಲ್ಲ. ಆಗಸ್ಟ್ ಮೊದಲ ವಾರ ಆ ಮೂಲೆಯಲ್ಲಿ ಸುಣ್ಣದ ಗೆರೆ ಬಿತ್ತು. ವಿಚಾರಿಸಿದೆ. ಕೆರೆ ಅಭಿವೃದ್ಧಿ ಕೆಲಸವಂತೆ. ಜೊಂಡು ತೆಗೆದು, ಕೆಸರಿನ ಮೇಲೆ ಮಣ್ಣು ಹೊಡೆದು, ದಡಕ್ಕೆ ಕಲ್ಲು ಜೋಡಿಸಿ, ವಾಕಿಂಗ್ ಪಾತ್ ಸುತ್ತು ಪೂರ್ತಿ ಮಾಡುತ್ತಾರಂತೆ. ಸಂಬಂಧಪಟ್ಟ ಆಫೀಸಿಗೆ ಫೋಟೊ ಹಿಡಿದುಕೊಂಡು ಹೋದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿಸಿದರು. ‘ಅಲ್ಲಿ ಬರೀ ಕೊಳಚೆ, ಸೊಳ್ಳೆ ಅಲ್ವಾ ಮೇಡಂ? ಹಕ್ಕಿಗಳಿಗೆ ಇಡೀ ಕೆರೆನೇ ಇದೆಯಲ್ಲ’ ಅಂದರು.

ಇಡೀ ಕೆರೆ ಇದ್ದು ಈ ಹಕ್ಕಿಗೆ ಪ್ರಯೋಜನ ಇಲ್ಲ. ಅದು ಬದುಕೋದು ಕೊಕ್ಕಿನ ಮೇಲೆ. ಮೆತ್ತನೆ ಕೆಸರಿಗೆ ಕೊಕ್ಕು ಚುಚ್ಚಿ ಹುಳ, ಬಸವನಹುಳು ಹುಡುಕುತ್ತದೆ, ತೆಳು ನೀರಿನಲ್ಲಿ ಕೊಕ್ಕು ಆಡಿಸುತ್ತಾ ನಡೆಯುತ್ತದೆ, ಉದುರಿದ ಬೀಜವನ್ನೂ ತಿನ್ನುತ್ತದೆ. ಕಲ್ಲು ಕಟ್ಟಿದ ದಡಕ್ಕೆ ಕೊಕ್ಕು ಇಳಿಯಲ್ಲ. ಕಲ್ಲಿನ ಬುಡದಲ್ಲೇ ನೀರು ಆಳವಾದರೆ ಅದರ ಕಾಲಿಗೆ ನೆಲ ಸಿಗಲ್ಲ. ಗೂಡೂ ಅಷ್ಟೇ, ಜೊಂಡಿನ ನಡುವೆ ನೆಲದ ಮಟ್ಟದಲ್ಲೇ ಕಟ್ಟಬೇಕು. ಕಲ್ಲು ಕಟ್ಟಿದ ಮೇಲೂ ನಮ್ಮ ಕೆರೆಯಲ್ಲಿ ನೀರುಕಾಗೆ ಇರುತ್ತದೆ, ಬೆಳ್ಳಕ್ಕಿ ಇರುತ್ತದೆ, ಬಾತುಗಳೂ ಬರಬಹುದು. ಅವುಗಳನ್ನು ನೋಡಿ, ಕೆರೆ ತುಂಬ ಹಕ್ಕಿ ಇವೆಯಲ್ಲ ಅಂತ ನಾವೆಲ್ಲ ಖುಷಿಪಡುತ್ತೇವೆ. ಮುಸ್ಸಂಜೆ ಮಾತ್ರ ಹೊರಗೆ ಬರುತ್ತಿದ್ದ ಒಂದು ಜೋಡಿ ಇಲ್ಲವಾದದ್ದು ಯಾರ ಗಮನಕ್ಕೂ ಬರೋದಿಲ್ಲ. ನನಗೆ ಭಯ ಇರೋದು ಇದರದ್ದೇ. ಹೆಸರು ಗೊತ್ತಿಲ್ಲದಿದ್ದರೆ ನಾನೂ ಆ ಮೂಲೆಯನ್ನು ಕೊಳಚೆ ಅಂತಲೇ ಕರೆಯುತ್ತಿದ್ದೆ, ಕಲ್ಲು ಹಾಸಿದ ದಿನ ಸಂತೋಷವಾಗಿ ಅದರ ಮೇಲೆ ನಡೆಯುತ್ತಿದ್ದೆ.

ವಾಕಿಂಗ್ ಪಾತ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದರಿಂದ ನನ್ನಂಥವರಿಗೆ ತುಂಬಾ ಅನುಕೂಲ ಆಗಿದೆ. ಸಂಜೆ ಹೊತ್ತು ಹೆಂಗಸರು ಧೈರ್ಯವಾಗಿ ನಡೆಯುವ ಜಾಗ ನಮ್ಮೂರಲ್ಲಿ ಅದೊಂದೇ. ಆ ಮೂಲೆಯ ಹತ್ತು ಗುಂಟೆಯಷ್ಟನ್ನು ಹಾಗೇ ಬಿಟ್ಟು, ದಾರಿಯನ್ನು ಸ್ವಲ್ಪ ಮೇಲಕ್ಕೆ ಬಳಸಿಕೊಂಡು ಹೋಗಬಹುದು, ಅಲ್ಲಿ ಜಾಗ ಇದೆ. ಅದೂ ಆಗದಿದ್ದರೆ ಮರಿಗಳು ದೊಡ್ಡವಾಗುವವರೆಗಾದರೂ ಜೆಸಿಬಿ ಇಳಿಸಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಏನು ಅಂತ ಹೇಳುವ ಜಾಗದಲ್ಲೇ, ಹಕ್ಕಿಗಳ ಮೊಟ್ಟೆ ಹಾಳು ಮಾಡೋದು, ಮೊಟ್ಟೆ ಗೂಡುಗಳನ್ನು ಕೆದಕೋದು ಕೂಡ ಸೇರಿದೆ. ಬಂದೂಕು ಹಿಡಿದವರಿಗೆ ಮಾತ್ರ ಆ ಕಾಯ್ದೆ ಅಂದುಕೊಳ್ಳಬಾರದು. ಇನ್ನು ಕೆರೆ ಇರೋದು ನೀರಿಗೆ, ಹಕ್ಕಿಗಲ್ಲ ಅನ್ನುವವರು ವಿಜಯನಗರ ಜಿಲ್ಲೆಯ ಅಂಕಸಮುದ್ರವನ್ನೂ ಗದಗ ಜಿಲ್ಲೆಯ ಮಾಗಡಿ ಕೆರೆಯನ್ನೂ ನೋಡಬೇಕು. ಎರಡೂ ಬೇಸಾಯಕ್ಕೆ ನೀರು ನಿಲ್ಲಿಸಲು ಜನ ಕಟ್ಟಿಕೊಂಡ ಕೆರೆಗಳೇ. 2024ರಲ್ಲಿ ಎರಡಕ್ಕೂ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಕೆರೆ, ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ, ಜಾಗ ಸಿಕ್ಕಿತು.

ನಿಮ್ಮಲ್ಲೂ ಒಂದು ಕೋರಿಕೆ ಇದೆ ಸಂಪಾದಕರೇ. ಜಿಲ್ಲಾ ಪುಟದಲ್ಲಿ ಓದುಗರು ಕಳಿಸಿದ ಹಕ್ಕಿ ಫೋಟೊಗಳನ್ನು ಹಾಕುತ್ತೀರಿ, ನಾನು ತಪ್ಪದೆ ನೋಡುತ್ತೇನೆ. ಜಾಸ್ತಿ ಸಲ ಕೆಳಗೆ ಅಪರೂಪದ ಅತಿಥಿ ಅಂತಷ್ಟೇ ಇರುತ್ತದೆ. ದಯವಿಟ್ಟು ಕನ್ನಡ ಹೆಸರು ಹಾಕಿ. ಯಾವ ತಿಂಗಳು, ಗದ್ದೆಯೋ ಕೆರೆಯೋ ತೋಟವೋ, ಏನು ಮಾಡುತ್ತಿತ್ತು ಅಂತ ಒಂದು ಸಾಲು ಬರೆಯಿರಿ. ಹೆಸರು ಖಚಿತವಾಗದಿದ್ದರೆ ಹಾಗೇ ಹೇಳಿ, ಗೊತ್ತಿರುವ ಓದುಗರು ತಿಳಿಸುತ್ತಾರೆ. ಗೂಡಿನ ಫೋಟೊ ಬಂದರೆ ಮಾತ್ರ ಜಾಗದ ಹೆಸರು ಬೇಡ. ಮರುದಿನ ಹತ್ತು ಜನ ಕ್ಯಾಮೆರಾ ಹಿಡಿದು ಹೋಗುತ್ತಾರೆ, ಅಪ್ಪ ಹಕ್ಕಿ ಮೊಟ್ಟೆ ಬಿಟ್ಟು ಏಳಬೇಕಾಗುತ್ತದೆ. ಈ ಪತ್ರದಲ್ಲಿ ನಾನು ನಮ್ಮ ಊರಿನ, ಕೆರೆಯ ಹೆಸರು ಬರೆಯದೆ ಇರೋದೂ ಇದೇ ಕಾರಣಕ್ಕೆ. ಆಫೀಸಿನವರಿಗೆ ಯಾವ ಕೆರೆ ಅಂತ ಗೊತ್ತಿದೆ.

ಮೊನ್ನೆ ಸಂಜೆ ಮಳೆ ನಿಂತ ಮೇಲೆ ಹೋಗಿದ್ದೆ. ಜೊಂಡಿನ ಅಂಚಿನಿಂದ ಗಂಡು ಹಕ್ಕಿ ಒಂದೆರಡು ಹೆಜ್ಜೆ ಹೊರಗೆ ಬಂತು, ನಿಂತಿತು, ಮತ್ತೆ ಎರಡು ಹೆಜ್ಜೆ ಇಟ್ಟಿತು. ಅದರ ಹಿಂದೆ ಮೂರು ಮರಿ. ನಿಂಬೆಹಣ್ಣಿನಷ್ಟು ದಪ್ಪ, ಬೆನ್ನ ಮೇಲೆ ಉದ್ದುದ್ದ ಕಪ್ಪು ಗೆರೆ. ಅಪ್ಪ ಕೆಸರಿಗೆ ಕೊಕ್ಕು ಹಾಕಿ ಏನನ್ನೋ ಎತ್ತಿದ, ಒಂದು ಮರಿ ಓಡಿ ಬಂದು ಅವನ ಕೊಕ್ಕಿನ ತುದಿಯಿಂದಲೇ ತೆಗೆದುಕೊಂಡಿತು. ಸುಣ್ಣದ ಗೆರೆ ಅಲ್ಲಿಂದ ಎಂಟು ಹತ್ತು ಹೆಜ್ಜೆ, ಮಳೆಗೆ ಅರ್ಧ ಅಳಿಸಿದೆ. ಅದನ್ನು ಮತ್ತೆ ಎಳೆಯುವ ಮುಂಚೆ ಆಫೀಸಿನವರು ಒಂದು ಸಲ ಬಂದು ನೋಡಲಿ. ಬೆಳಿಗ್ಗೆ ಹನ್ನೊಂದಕ್ಕೆ ಬಂದರೆ ಏನೂ ಕಾಣಲ್ಲ, ಸಂಜೆ ಆರೂವರೆಗೆ ಬರಲಿ. ತೂಬಿನ ಹತ್ತಿರ ನಾನು ದಿನಾ ಇರುತ್ತೇನೆ, ಅಜ್ಜನೂ ಇರುತ್ತಾನೆ.

ಇಂತಿ,
ನಿಮ್ಮ ಓದುಗಳು
ತುಮಕೂರು ಜಿಲ್ಲೆ