ಸಾವಿನ ಲೆಕ್ಕ ತುಂಬುವವರೆಗೆ ಅನುದಾನ ಕಾಯಬೇಕೇ?

ಮಾನ್ಯರೇ,

ನಮ್ಮೂರಿನ ಹಾಲಿನ ಡೇರಿ ಮುಖ್ಯರಸ್ತೆಯ ಒಂದು ಬದಿಗಿದ್ದರೆ, ಊರು ಇನ್ನೊಂದು ಬದಿಗಿದೆ. ಬೆಳಗಿನ ಮಬ್ಬುಗತ್ತಲಲ್ಲಿ ಕ್ಯಾನ್ ಹಿಡಿದ ಹೆಂಗಸರು ಓಡುತ್ತಲೇ ರಸ್ತೆ ದಾಟುತ್ತಾರೆ. ಅಲ್ಲಿ ಬೀದಿದೀಪವಿಲ್ಲ, ಬಿಳಿ ಪಟ್ಟೆಗಳು ಅಳಿಸಿಹೋಗಿವೆ. ಊರವರೇ ಮರಳು ತುಂಬಿಸಿಟ್ಟ ಡ್ರಮ್ಮು, ಅದಕ್ಕೆ ಕಟ್ಟಿದ ಕೆಂಪು ಬಟ್ಟೆ, ಇಷ್ಟೇ ಎಚ್ಚರಿಕೆ.

ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ 3 ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯಗಳಾದ 5 ಅಪಘಾತಗಳು ನಡೆದರೆ, ಇಲ್ಲವೇ 10 ಮಂದಿ ಸತ್ತರೆ, ಆ ಜಾಗವನ್ನು ಕೇಂದ್ರ ಸಾರಿಗೆ ಸಚಿವಾಲಯವು ‘ಬ್ಲ್ಯಾಕ್ ಸ್ಪಾಟ್’ ಎಂದು ಗುರುತಿಸುತ್ತದೆ. ದುರಸ್ತಿಯ ಆದ್ಯತೆಯೂ ಅಂಥ ಜಾಗಗಳಿಗೇ. ಅದು ಅಗತ್ಯವೇ ಸರಿ. ಆದರೆ ಇನ್ನೂ ಯಾರೂ ಸಾಯದ, ನಾಳೆ ಸಾಯಬಹುದಾದ ಹಳ್ಳಿಯ ತಿರುವಿಗೆ ಹಣ ಎಲ್ಲಿಂದ ಬರಬೇಕು? ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ಲೋಕೋಪಯೋಗಿ ಇಲಾಖೆಯತ್ತ ಕೈ ತೋರಿಸುತ್ತಾರೆ, ಅಲ್ಲಿ ಹೋದರೆ ಅನುದಾನವಿಲ್ಲ ಎನ್ನುತ್ತಾರೆ.

ಕಾದು ಬೇಸತ್ತ ಜನ ತಾವೇ ಕಲ್ಲು, ಜಲ್ಲಿ ಸುರಿದು ಉಬ್ಬು ಹಾಕಿಕೊಳ್ಳುತ್ತಾರೆ. ರಸ್ತೆಗಳಿಗೆ ತಾಂತ್ರಿಕ ನಿಯಮ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಂತೆ ಉಬ್ಬು ನಿಗದಿತ ಅಗಲ, 10 ಸೆಂ.ಮೀ. ಎತ್ತರವಿದ್ದು ಬಣ್ಣವನ್ನೂ ಮುನ್ಸೂಚನಾ ಫಲಕವನ್ನೂ ಹೊಂದಿರಬೇಕು. ಬಣ್ಣವಿಲ್ಲದ ಅವೈಜ್ಞಾನಿಕ ಉಬ್ಬಿಗೆ ರಾತ್ರಿ ಬೈಕ್ ಹಾರಿ, ಹಿಂದೆ ಕುಳಿತವರು ಬಿದ್ದದ್ದನ್ನು ನಾನೇ ಕಂಡಿದ್ದೇನೆ.

ದೀಪ, ಫಲಕ, ಪಟ್ಟೆ, ಸರಿಯಾದ ಉಬ್ಬು ಇವು ಮೇಲ್ಸೇತುವೆಯಂತೆ ಕೋಟಿಗಟ್ಟಲೆ ಬೇಡುವ ಕಾಮಗಾರಿಗಳಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಕೈಗೇ ಇಂಥ ಸಣ್ಣ ಕೆಲಸಗಳಿಗೆ ಪ್ರತಿವರ್ಷ ಪ್ರತ್ಯೇಕ ಮೊತ್ತ ಕೊಟ್ಟು, ಯಾವ ಊರಿಗೆ ಎಷ್ಟು ಖರ್ಚಾಯಿತೆಂಬುದನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಪ್ರಕಟಿಸಬೇಕೆಂದು ಸರ್ಕಾರವನ್ನು ಒತ್ತಾಯಿಸುತ್ತೇನೆ.

– ಒಬ್ಬ ಹಾಲು ಉತ್ಪಾದಕ, ಮಂಡ್ಯ ಜಿಲ್ಲೆ